ಕೈಪಿಡಿ ಫೋಲ್ಡರಿನಲ್ಲಿ ನುಡಿ, ಯುಟಿಎಫ್-8, ಯುಟಿಎಫ್-16 ಎಲ್ಲ ಕಲಸಿಹೋಗಿದೆ. ಎಲ್ಲಿಂದ ಶುರು ಮಾಡುವುದು?

ಅಡಿಕೆಲೆಕ್ಕ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಆವಕ, ತೂಕ, ಗ್ರೇಡು, ಮುಂಗಡ, ಪಾವತಿ, ಇಷ್ಟೇ. ಪ್ರೋಗ್ರಾಂ ಕಷ್ಟವಿಲ್ಲ. ಕೈಪಿಡಿಯದ್ದೇ ಗೋಳು.

ನನಗಿಂತ ಮುಂಚೆ ಬೇರೆ ಬೇರೆ ಜನ ಇದನ್ನು ಬರೆದಿದ್ದಾರೆ. ಒಬ್ಬರು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಇನ್ನೊಬ್ಬರು ನೋಟ್‌ಪ್ಯಾಡಿನಲ್ಲಿ 'ಯುನಿಕೋಡ್' ಅಂತ ಆರಿಸಿ ಉಳಿಸಿದ್ದಾರೆ. ಈಚಿನವು ಯುಟಿಎಫ್-8, ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಈಗಿನ ಸಾಮಾನ್ಯ ಕ್ರಮ. ಕೆಲವು ವರ್ಡ್ ಫೈಲುಗಳು, ಅವುಗಳಿಂದ ಕಾಪಿ ಮಾಡಿದ ಟೆಕ್ಸ್ಟ್ ಫೈಲುಗಳೂ ಇವೆ. ಎಲ್ಲಕ್ಕಿಂತ ಕೆಟ್ಟದ್ದು ಬದಲಾವಣೆಗಳ ಪಟ್ಟಿ. ಅದು ಒಂದೇ ಫೈಲು, ಬಂದವರೆಲ್ಲ ಕೆಳಗೆ ಸೇರಿಸುತ್ತಾ ಹೋಗಿದ್ದಾರೆ. ಮೇಲಿನ ಅರ್ಧ ಸರಿಯಾಗಿ ಕಂಡರೆ ಕೆಳಗಿನದ್ದು ಕಾಣುವುದಿಲ್ಲ. ಕೆಳಗಿನದ್ದು ಸರಿ ಮಾಡಿದರೆ ಮೇಲಿನದ್ದು ಹಾಳಾಗುತ್ತದೆ.

ಎಲ್ಲವನ್ನೂ ಯುಟಿಎಫ್-8ಕ್ಕೆ ತಂದು ಗಿಟ್‌ನಲ್ಲಿ (ಫೈಲುಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಟೂಲು) ಇಡಬೇಕು ಅಂತಿದ್ದೇನೆ. ಹೊಸ ಸೀಸನ್ ಶುರುವಾಗುವ ಮೊದಲು ಮುಗಿಸಬೇಕು. ಸುಲಭದ ದಾರಿ ಇದೆಯಾ?

ಘಟ್ಟದಮೇಲೆ

ಐಕಾನ್ವ್ (ಎನ್‌ಕೋಡಿಂಗ್, ಅಂದರೆ ಅಕ್ಷರಗಳ ಬೈಟ್ ರೂಪ, ಬದಲಿಸುವ ಕಮಾಂಡು) ಹಾಕಿ, ಫೋಲ್ಡರಿಗೆಲ್ಲ ಒಂದು ಲೂಪ್ ಓಡಿಸಿ. ಅರ್ಧ ಗಂಟೆಯ ಕೆಲಸ. ಇದಕ್ಕೆ ಚರ್ಚೆ ಯಾಕೆ ಮಾರಾಯ್ರೆ?

ತುಂಗಾತೀರ (ಶಿವಮೊಗ್ಗ)

ದಯವಿಟ್ಟು ಹಾಗೆ ಮಾಡಬೇಡಿ. ಐಕಾನ್ವ್‌ಗೆ 'ಯಾವುದರಿಂದ' ಅಂತ ನೀವೇ ಹೇಳಬೇಕು. ಲ್ಯಾಟಿನ್-1ರಿಂದ (ಯುರೋಪಿನ ಅಕ್ಷರಗಳ ಹಳೆಯ ಎನ್‌ಕೋಡಿಂಗ್) ಅಂದರೆ ಅದು ಯಾವ ಫೈಲಿಗೂ 'ಆಗುವುದಿಲ್ಲ' ಅನ್ನುವುದಿಲ್ಲ. ಲ್ಯಾಟಿನ್-1ರಲ್ಲಿ 256 ಬೈಟಿಗೂ ಒಂದೊಂದು ಅರ್ಥ ಇದೆ. ಹಾಗಾಗಿ ತಪ್ಪಾದ ಫೈಲೂ ಒಂದೇ ಒಂದು ದೂರಿಲ್ಲದೆ ಒಳಗೆ ಹೋಗುತ್ತದೆ, ಕಸವಾಗಿ ಹೊರಗೆ ಬರುತ್ತದೆ. ರಾಶಿ, ಬೆಟ್ಟೆ, ಗೊರಬಲು ಒಂದೇ ಚೀಲಕ್ಕೆ ಸುರಿದು ದರ ಕೇಳಿದ ಹಾಗೆ. ಮೊದಲು ಬೇರೆ ಮಾಡಬೇಕು.

ಬೇರೆ ಮಾಡುವುದು ಅಷ್ಟು ಕಷ್ಟವಲ್ಲ. ಪರದೆ ಮೇಲೆ ಏನು ಕಾಣುತ್ತದೆ ಅನ್ನುವುದನ್ನು ಬಿಡಿ. ಪ್ರತಿ ಬೈಟನ್ನೂ ಎರಡು ಗುರುತುಗಳ ಕೋಡಾಗಿ ತೋರಿಸುವ ಯಾವುದಾದರೂ ಹೆಕ್ಸ್ ವ್ಯೂವರಿನಲ್ಲಿ ಬೈಟ್ ನೋಡಿ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ಗುಣಿತಕ್ಕೂ 3 ಬೈಟ್. ಮೊದಲ ಎರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ಅದು ಸಾಲುಸಾಲಾಗಿ ಕಂಡರೆ ಆ ಫೈಲು ಸರಿ ಇದೆ, ಮುಟ್ಟಬೇಡಿ.

ನೋಟ್‌ಪ್ಯಾಡಿನ ಹಳೆಯ 'ಯುನಿಕೋಡ್' ಅಂದರೆ ಯುಟಿಎಫ್-16. ಅದರ ತಲೆಯಲ್ಲಿ ಎಫ್‌ಎಫ್ ಎಫ್‌ಇ ಇರುತ್ತದೆ. ಆಮೇಲೆ ಕನ್ನಡ ಇರುವಲ್ಲೆಲ್ಲ ಒಂದು ಬಿಟ್ಟು ಒಂದು ಬೈಟ್ 0ಸಿ. ಯುನಿಕೋಡಿನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಅಲ್ವಾ, ಅದಕ್ಕೆ.

ನುಡಿಯದ್ದು ಇನ್ನೂ ಸುಲಭ. ನುಡಿಯಲ್ಲಿ ತಲೆಕಟ್ಟು ಅನ್ನುವುದೇ ಒಂದು ಬೇರೆ ತುಂಡು, ಅದರ ಬೈಟ್ ಸಿ0. ತಲೆಕಟ್ಟಿಲ್ಲದೆ ಎಷ್ಟು ಸಾಲು ಕನ್ನಡ ಬರೆಯಲು ಸಾಧ್ಯ? ಯುಟಿಎಫ್-8ರಲ್ಲಾದರೆ ಸಿ0 ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ, ಅದು ನಿಯಮದಲ್ಲೇ ನಿಷಿದ್ಧ. ಹಾಗಾಗಿ ಹಸಿ ನುಡಿ ಫೈಲನ್ನು 'ಯುಟಿಎಫ್-8ರಿಂದ ಯುಟಿಎಫ್-8ಕ್ಕೆ' ಅಂತ ಐಕಾನ್ವ್‌ಗೆ ಕೊಟ್ಟರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ಐಕಾನ್ವ್ ಬೇಕಾಗಿರುವುದು ಇದಕ್ಕೆ, ಪರೀಕ್ಷೆಗೆ. ಪರಿವರ್ತನೆ ಆಮೇಲಿನ ಮಾತು.

ಅಡಿಕೆಲೆಕ್ಕ

ಈ ಪರೀಕ್ಷೆ ಮಾಡಿದೆ ಸರ್. ಹಸಿ ನುಡಿ ಫೈಲುಗಳು ಸಿಕ್ಕಿಬಿದ್ದವು. ಆದರೆ ಕೆಲವು ಫೈಲುಗಳು ಪರೀಕ್ಷೆ ಪಾಸಾಗುತ್ತವೆ, ತೆರೆದರೆ ಕನ್ನಡ ಮಾತ್ರ ಇಲ್ಲ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಕ್ಯಾಪಿಟಲ್ ಎ, ಮಧ್ಯೆ ಪೌಂಡ್ ಚಿಹ್ನೆ. ಇನ್ನು ಕೆಲವದರಲ್ಲಿ ಪೌಂಡ್ ಇಲ್ಲ. ಬರೀ ಗೀಟಿನ ಸ್ಮಾಲ್ ಎ, ಅದರ ಪಕ್ಕ ಸಣ್ಣ 2 ಅಥವಾ ಸಣ್ಣ 3, ಅದೇ ಮತ್ತೆ ಮತ್ತೆ.

ಹಳೇಡಿಟಿಪಿ (ಶಿವಮೊಗ್ಗ)

ಮೊದಲನೆಯದ್ದು ನನ್ನ ಕ್ಷೇತ್ರ. ದುರ್ಗಿಗುಡಿಯಲ್ಲಿ ಡಿಟಿಪಿ ಮಾಡಿಕೊಂಡಿದ್ದವನು ನಾನು. ಪೌಂಡ್ ಚಿಹ್ನೆ ಕಂಡರೆ 'ನ' ಅಂತ ಓದುವಷ್ಟು ಅಭ್ಯಾಸ ಆಗಿಹೋಗಿದೆ.

ಅದು ನುಡಿಯೇ, ವರ್ಡ್ ದಾಟಿ ಬಂದ ನುಡಿ. ನುಡಿಯ ಹಳೆಯ ಅಕ್ಷರಗಳಿಗೆ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡ ಅನ್ನುವ ಗುರುತೇ ಇಲ್ಲ. ಅವು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿರುವ ಕನ್ನಡದ ಚಿತ್ರಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ವರ್ಡ್‌ನಿಂದ ಯುಟಿಎಫ್-8 ಟೆಕ್ಸ್ಟ್ ಮಾಡಿದಾಗ ಆ ಗೀಟಿನ ಎ ಪ್ರಾಮಾಣಿಕವಾಗಿ ಗೀಟಿನ ಎ ಆಗಿಯೇ ಉಳಿಯುತ್ತದೆ. ಸಿ0 ಹೋಗಿ ಸಿ3 80 ಆಗುತ್ತದೆ. ಎನ್‌ಕೋಡಿಂಗ್ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಅದಕ್ಕೇ ನಿಮ್ಮ ಪರೀಕ್ಷೆ ಪಾಸು. ಎನ್‌ಕೋಡಿಂಗ್ ಊಹಿಸುವ ಟೂಲುಗಳೂ ಇದನ್ನು ಹಿಡಿಯುವುದಿಲ್ಲ. ಅವುಗಳ ಪಟ್ಟಿಯಲ್ಲಿ ನುಡಿಯೇ ಇಲ್ಲ.

ಇದಕ್ಕೆ ನುಡಿಯಿಂದ ಯುನಿಕೋಡಿಗೆ ತರುವ ಪರಿವರ್ತಕವೇ ಬೇಕು. 'ಬರಹ' ಸಾಫ್ಟ್‌ವೇರಿನಲ್ಲೂ ಇದೆ, ನುಡಿಯ ಹೊಸ ಆವೃತ್ತಿಗಳಲ್ಲೂ ಇದೆ. ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಕೇಳಿ. ವರ್ಡ್ ಫೈಲು ಇನ್ನೂ ಇದ್ದರೆ ಟೆಕ್ಸ್ಟ್ ಫೈಲನ್ನು ಪರಿವರ್ತಿಸಲು ಹೋಗಬೇಡಿ. ವರ್ಡ್ ಫೈಲಿನಿಂದಲೇ ಮಾಡಿ.

ಯಾಕೆ ಅಂದರೆ ನಿಮ್ಮದು ಸಾಫ್ಟ್‌ವೇರ್ ಕೈಪಿಡಿ. ಸಾಲಿನಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. 'ಎಫ್5 ಒತ್ತಿ, ಸೇವ್ ಮಾಡಿ' ಅಂತೆಲ್ಲ ಇರುತ್ತದೆ. ಮೆನು ಹೆಸರು, ಫೈಲಿನ ಹೆಸರು, ಕಮಾಂಡು ಎಲ್ಲ ಇಂಗ್ಲಿಷಿನಲ್ಲಿ. ವರ್ಡ್ ಫೈಲಿನಲ್ಲಿ ಪ್ರತಿ ತುಂಡಿಗೂ ಯಾವ ಫಾಂಟ್ ಅನ್ನುವುದು ಬರೆದಿರುತ್ತದೆ. ನುಡಿ ಫಾಂಟಿನ ತುಂಡು ಮಾತ್ರ ಪರಿವರ್ತಿಸಬಹುದು, ಉಳಿದದ್ದು ಹಾಗೇ ಬಿಡಬಹುದು. ಟೆಕ್ಸ್ಟ್ ಫೈಲಿನಲ್ಲಿ ಆ ಮಾಹಿತಿ ಹೋಗಿಬಿಟ್ಟಿರುತ್ತದೆ. ಪಿ ಅಂದರೆ ಇಂಗ್ಲಿಷಿನ ಪಿ ಏನು, 'ಕ'ದ ಮೈ ಏನು, ಯಾರಿಗೆ ಗೊತ್ತು? ಪರಿವರ್ತಕ 'ಪ್ರಿಂಟ್' ಅನ್ನುವ ಇಂಗ್ಲಿಷ್ ಪದವನ್ನೂ ಕನ್ನಡದ ಚೂರು ಅಂದುಕೊಂಡು ಕಲಸುತ್ತದೆ. ಕಮಾಂಡುಗಳೆಲ್ಲ ಹಾಳು.

ಇನ್ನೊಂದು, ಹಳೆಯ ಫೈಲುಗಳಲ್ಲಿ ಶ್ರೀಲಿಪಿ ಎಂಬ ಇನ್ನೊಂದು ಸಾಫ್ಟ್‌ವೇರಿನ ಫಾಂಟೂ ಇರಬಹುದು. ಪ್ರೆಸ್ಸಿನಿಂದ ಬಂದ ಫೈಲಾದರೆ ಖಂಡಿತ ನೋಡಿ. ಅದರ ಕೋಡ್ ಬೇರೆ. ನುಡಿ ಪರಿವರ್ತಕಕ್ಕೆ ಹಾಕಿದರೆ ಕನ್ನಡದ ಹಾಗೆಯೇ ಕಾಣುವ ಆದರೆ ಯಾವ ಅರ್ಥವೂ ಇಲ್ಲದ ಸಾಲು ಬರುತ್ತದೆ. ಫಾಂಟಿನ ಹೆಸರು ನೋಡಿದ ಮೇಲೇ ಮುಂದಿನದ್ದು.

ಘಟ್ಟದಮೇಲೆ

ಸರಿ, ಅರ್ಧ ಗಂಟೆ ಅಂದದ್ದು ವಾಪಸ್.

ಶರಾವತಿಹಿನ್ನೀರು (ಸಾಗರ)

ಎರಡನೆಯ ಗುಂಪಿನ ಬಗ್ಗೆ ನಾನು ಹೇಳುತ್ತೇನೆ. ಗೀಟಿನ ಸ್ಮಾಲ್ ಎ ಅಂದರೆ ಇ0. ಪಕ್ಕದ ಸಣ್ಣ 2 ಅಂದರೆ ಬಿ2, ಸಣ್ಣ 3 ಅಂದರೆ ಬಿ3. ಮೇಲೆ ತುಂಗಾತೀರ ಅವರು ಹೇಳಿದ ಅದೇ ಇ0 ಬಿ2, ಇ0 ಬಿ3. ಅಂದರೆ ಒಳಗೆ ಇರುವುದು ಒಳ್ಳೆಯ ಯುಟಿಎಫ್-8 ಕನ್ನಡವೇ. ಯಾರೋ ಅದನ್ನು ವಿಂಡೋಸ್-1252 (ಲ್ಯಾಟಿನ್-1ರಂಥದ್ದೇ ವಿಂಡೋಸಿನ ಹಳೆಯ ಎನ್‌ಕೋಡಿಂಗ್) ಅಂತ ತೆರೆದು, ಮತ್ತೆ ಯುಟಿಎಫ್-8 ಅಂತ ಉಳಿಸಿದ್ದಾರೆ. ಹುಡುಕಬೇಕಾದ ಬೈಟುಗಳು ಸಿ3 ಎ0 ಸಿ2 ಬಿ2, ಇಲ್ಲವೇ ಕೊನೆಯಲ್ಲಿ ಬಿ3. ಅದೇ ದಾರಿಯಲ್ಲಿ ಹಿಂದೆ ಬಂದರೆ ಸರಿಯಾಗುತ್ತದೆ.

ಹೆಚ್ಚಿನ ಕಡೆ ಇಷ್ಟಕ್ಕೇ ನಿಲ್ಲಿಸುತ್ತಾರೆ. ಕನ್ನಡಕ್ಕೆ ಇಷ್ಟು ಸಾಲದು.

ವಿಂಡೋಸ್-1252ರಲ್ಲಿ 5 ಬೈಟುಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ಈಗ ಕನ್ನಡ ನೋಡಿ. ಕೊಂಬು, ಅಂದರೆ ು, ಯುಟಿಎಫ್-8ರಲ್ಲಿ ಇ0 ಬಿ3 81. ವಿರಾಮ, ಅಂದರೆ ್, ಇ0 ಬಿ3 8ಡಿ. ಏ, ಐ, ಝ ಈ ಮೂರರ ಕೊನೆಯ ಬೈಟ್ 8ಎಫ್, 90, 9ಡಿ. ಏ, ಐ, ಝ ಹೋಗಲಿ ಬಿಡಿ. ಕೊಂಬು ಮತ್ತು ವಿರಾಮ ಇಲ್ಲದ ಕನ್ನಡ ವಾಕ್ಯ ಎಲ್ಲಿದೆ? ಪ್ರತಿ ಒತ್ತಕ್ಷರದ ಹೊಟ್ಟೆಯಲ್ಲೂ ಒಂದು 8ಡಿ ಇದೆ.

ಹಾಗಾಗಿ ಪೈಥಾನ್‌ನಲ್ಲಿ ಸುಮ್ನೆ ಸಿಪಿ1252 (ಅದೇ ವಿಂಡೋಸ್-1252) ಅಂತ ಹಿಂದೆ ತಿರುಗಿಸಲು ಹೋದರೆ ಮೊದಲ ಕೊಂಬಿನಲ್ಲೇ ಎರರ್. ಆಗ ಜನ ಎರರ್ ಬಾರದಿರಲಿ ಅಂತ 'ಇಗ್ನೋರ್' ಹಾಕುತ್ತಾರೆ. ಒತ್ತುಗಳೆಲ್ಲ ಅಲ್ಲಿಗೆ ಮುಗಿಯಿತು. ಅದನ್ನು ಮಾತ್ರ ಮಾಡಬೇಡಿ. ವಿಂಡೋಸ್ ಮತ್ತು ಬ್ರೌಸರುಗಳು ಆ 5 ಬೈಟುಗಳನ್ನು ಬಿಸಾಡದೆ ಕಾಣದ ನಿಯಂತ್ರಣ ಅಕ್ಷರಗಳಾಗಿ ಇಟ್ಟುಕೊಂಡಿರುತ್ತವೆ. ಆ ಲೆಕ್ಕದಲ್ಲೇ ಹಿಂದೆ ತಿರುಗಿಸಬೇಕು. ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿಯಲ್ಲಿ 'ಸ್ಲಾಪಿ ವಿಂಡೋಸ್-1252' ಅಂತಲೇ ಒಂದು ಎನ್‌ಕೋಡಿಂಗ್ ಇದೆ, ಇದೇ ಕೆಲಸಕ್ಕೆ.

ಇದರಿಂದ ತಪ್ಪು ಎಲ್ಲಿ ಆಯಿತು ಅನ್ನುವ ಸುಳಿವೂ ಸಿಗುತ್ತದೆ. ನಿಮ್ಮ ಕೈಪಿಡಿ ಕಟ್ಟುವ ಸ್ಕ್ರಿಪ್ಟು ಪೈಥಾನ್ ಆಗಿದ್ದು, ಅದೇ ಕೆಡಿಸಿದ್ದಿದ್ದರೆ ಓದುವಾಗಲೇ ಕೊಂಬು ಕಂಡು ನಿಂತಿರುತ್ತಿತ್ತು. ನಿಲ್ಲದೆ ಉಳಿಸಿದೆ ಅಂದರೆ ಯಾವುದೋ ವಿಂಡೋಸ್ ಎಡಿಟರಿನ ಮೇಲೆ ನನಗೆ ಅನುಮಾನ.

ತುಂಗಾತೀರ

ಅಕ್ಕ, ಇದು ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಠ ಮತ್ತು ಭ ನೋಡಿ. ಠ ಕೊನೆಯ ಬೈಟ್ ಎ0, ಅದು 1252ರಲ್ಲಿ ಮುರಿಯದ ಖಾಲಿ ಜಾಗ. ಭ ಕೊನೆಯ ಬೈಟ್ ಎಡಿ, ಅದು ಕಾಣದ ಹೈಫನ್. ಕೆಟ್ಟ ಫೈಲನ್ನು ಯಾವುದಾದರೂ ಫಾರ್ಮ್ಯಾಟರ್ 'ಸ್ವಚ್ಛ' ಮಾಡಿದ್ದರೆ ಮುರಿಯದ ಜಾಗ ಸಾದಾ ಜಾಗ ಆಗಿರುತ್ತದೆ, ಕಾಣದ ಹೈಫನ್ ಕಾಣೆಯಾಗಿರುತ್ತದೆ. ಉಳಿದದ್ದೆಲ್ಲ ಸರಿಯಾಗಿ ಬಂದು 'ಲಾಭ', 'ಠೇವಣಿ' ಮಾತ್ರ ಕೆಟ್ಟಿದ್ದರೆ ಕಾರಣ ಇದೇ.

ಅಡಿಕೆಲೆಕ್ಕ

ಲಾಭದ ಪುಟವೇ ಕೆಟ್ಟಿದೆ! ನಗಬೇಕೋ ಅಳಬೇಕೋ. ಠೇವಣಿಯ ಠ ಜಾಗದಲ್ಲಿ ಸಾದಾ ಖಾಲಿ ಜಾಗವೇ ಇದೆ.

ಶರಾವತಿಹಿನ್ನೀರು

ಠ ವಾಪಸ್ ತರಬಹುದು. ಇ0 ಬಿ2 ಆದ ಮೇಲೆ ಸಾದಾ ಜಾಗ ಬಂದಿದ್ದರೆ ಅದು ಹೆಚ್ಚಾಗಿ ಎ0 ಆಗಿದ್ದಿರುತ್ತದೆ. ಪದದ ಕೊನೆಯ ಭ ಕೆಟ್ಟು ಅದರ ಮುಂದಿನ ಜಾಗ ಉಳಿದಿರುವ ಸಾಧ್ಯತೆಯೂ ಇದೆ, ಓದಿ ನೋಡಿ. ಎಫ್‌ಟಿಎಫ್‌ವೈ ಇಂಥದ್ದನ್ನು ಊಹಿಸಿ ತುಂಬುತ್ತದೆ. ಭ ಹಾಗಲ್ಲ. ಅಲ್ಲಿ ಎರಡೇ ಬೈಟ್ ಉಳಿದಿರುತ್ತದೆ. ಇ0 ಬಿ2 ಒಂಟಿಯಾಗಿ ಸಿಕ್ಕಲ್ಲೆಲ್ಲ ಭ ಹಾಕಿ ನೋಡಿ, ಆದರೆ ಓದಿ ಒಪ್ಪಿ.

ಮಂಡಿಕಂಪ್ಯೂಟರ್

ಯುಟಿಎಫ್-16 ಮಾತು ಬಂದದ್ದಕ್ಕೆ ಒಂದು ಕತೆ. ನಾನು ರಿಪೇರಿಗೆ ಹೋಗುವ ಒಂದು ಮಂಡಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಸಹಾಯದ ಪುಟ ಪ್ರಿಂಟ್ ತೆಗೆಯೋಣ ಅಂತ ಗುಮಾಸ್ತರು ಟೆಕ್ಸ್ಟ್ ಫೈಲನ್ನು ನೇರ ಪೋರ್ಟಿಗೆ ಕಳಿಸಿದ್ದಾರೆ. ಪ್ರಿಂಟರ್ ಒಂದೊಂದೇ ಹಾಳೆ ಉಗುಳುತ್ತಾ ಹೋಯಿತಂತೆ, ನಿಲ್ಲಿಸುವುದೇ ಇಲ್ಲ. 0ಸಿ ಅಂದರೆ ಪ್ರಿಂಟರ್ ಭಾಷೆಯಲ್ಲಿ 'ಮುಂದಿನ ಪುಟಕ್ಕೆ ಹೋಗು'. ಕನ್ನಡದ ಪ್ರತಿ ಅಕ್ಷರದಲ್ಲೂ ಒಂದು 0ಸಿ. ಅಕ್ಷರಕ್ಕೊಂದು ಹಾಳೆ! ನನ್ನನ್ನು ಕರೆದದ್ದು ಪ್ರಿಂಟರ್ ಕೆಟ್ಟಿದೆ ಅಂತ.

ಘಟ್ಟದಮೇಲೆ

ಅಯ್ಯೋ ದೇವರೆ. ಕಾಗದ ಮುಗಿಯುವವರೆಗೂ ಬಿಟ್ಟಿದ್ದರಾ?

ಮಂಡಿಕಂಪ್ಯೂಟರ್

ಕರೆಂಟ್ ಹೋಯಿತಂತೆ. ಮಳೆಗಾಲ ತಾನೆ.

ಅಡಿಕೆಲೆಕ್ಕ

ವಿಷಯಕ್ಕೆ ಬರೋಣ. ಯುಟಿಎಫ್-16 ಫೈಲುಗಳು ಸಲೀಸಾಗಿ ಬದಲಾದವು. ಈಗ ಬದಲಾವಣೆಗಳ ಪಟ್ಟಿ ಒಂದೇ ಬಾಕಿ. ಮೇಲೆ ನುಡಿ, ಮಧ್ಯೆ ಯುಟಿಎಫ್-8, ಕೊನೆಯಲ್ಲಿ ಸೊನ್ನೆ ಬೈಟುಗಳು ಕಾಣುತ್ತವೆ. ಕೊನೆಗೆ ಸೇರಿಸಿದವರು ಪವರ್‌ಶೆಲ್‌ನಲ್ಲಿ (ವಿಂಡೋಸಿಗೆ ಕಮಾಂಡು ಕೊಡುವ ಕಿಟಕಿ) ಎರಡು ಬಾಣದ ಗುರುತು (>>) ಹಾಕಿ ಸಾಲು ಸೇರಿಸುತ್ತಿದ್ದರಂತೆ.

ತುಂಗಾತೀರ

ಪವರ್‌ಶೆಲ್ 5.1 ಅಲ್ವಾ? ಅದರ ಬಾಣ ತಾನಾಗಿ ಯುಟಿಎಫ್-16 ಬರೆಯುತ್ತದೆ. ಮೊದಲೇ ಇರುವ ಫೈಲು ಏನು ಅಂತ ನೋಡುವುದೇ ಇಲ್ಲ, ಬಾಲಕ್ಕೆ ಅಂಟಿಸುತ್ತದೆ. ಪವರ್‌ಶೆಲ್ 7ರಲ್ಲಿ ಯುಟಿಎಫ್-8 ಆಗಿದೆ.

ಇಂಥ ಫೈಲಿಗೆ 'ಈ ಫೈಲಿನ ಎನ್‌ಕೋಡಿಂಗ್ ಯಾವುದು' ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಎಷ್ಟೋ ಟೂಲುಗಳು ಮಾತ್ರ ಆ ಪ್ರಶ್ನೆಯನ್ನೇ ಕೇಳುತ್ತವೆ. ಪರ್ಲ್‌ನ ಕೈಪಿಡಿಗಳಿಗೆ ಪಾಡ್ ಅಂತ ಒಂದು ಬರೆಯುವ ಕ್ರಮ ಇದೆ. ಅದರಲ್ಲಿ ಎನ್‌ಕೋಡಿಂಗ್ ಇಂಥದ್ದು ಅಂತ ಒಂದು ಸಾಲು ಬರೆಯದಿದ್ದರೆ, ಇಂಗ್ಲಿಷ್ ಅಲ್ಲದ ಮೊದಲ ಬೈಟುಗಳು ಎಲ್ಲಿ ಸಿಗುತ್ತವೋ ಅಲ್ಲಿ ಯುಟಿಎಫ್-8ರ ಹಾಗೆ ಕಂಡರೆ ಇಡೀ ಫೈಲು ಯುಟಿಎಫ್-8 ಅಂದುಕೊಳ್ಳುತ್ತದೆ. ಒಬ್ಬರೇ ಬರೆದ ಫೈಲಿಗೆ ಸರಿ. ಹತ್ತು ಕೈ ತಾಗಿದ ಫೈಲಿಗೆ ಆಗುವುದಿಲ್ಲ.

ನೀವು ಹೀಗೆ ಮಾಡಿ. ಬೈಟುಗಳಾಗಿ ಓದಿ, ಅಕ್ಷರಗಳಾಗಿ ಅಲ್ಲ. ಮೊದಲು ಬಾಲ ಕತ್ತರಿಸಿ. ಸರಿಯಾದ ಯುಟಿಎಫ್-8 ಅಥವಾ ನುಡಿ ಟೆಕ್ಸ್ಟಿನಲ್ಲಿ 00 ಬರುವುದಿಲ್ಲ, 0ಸಿ ಸಹ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ 00 ಅಥವಾ 0ಸಿ ಮೊದಲು ಸಿಕ್ಕಲ್ಲಿಂದ ಒಂದು ಬೈಟ್ ಹಿಂದೆ ಬಾಲ ಶುರು. ಸಾಲು ಸಾಲಾಗಿ ಒಡೆಯುವ ಮೊದಲೇ ಇದನ್ನು ಮಾಡಿ. ಯುಟಿಎಫ್-16ರಲ್ಲಿ ಸಾಲಿನ ಕೊನೆ ಅಂದರೆ 0ಎ 00. ನೀವು 0ಎ ನೋಡಿ ಕತ್ತರಿಸಿದರೆ ಆ 00 ಮುಂದಿನ ಸಾಲಿನ ತಲೆಗೆ ಹೋಗಿ ಎಲ್ಲವೂ ಒಂದೊಂದು ಬೈಟ್ ಜರುಗುತ್ತದೆ. ಆಗ ಪರದೆ ತುಂಬ ಚೀನೀ ಲಿಪಿಯಂಥದ್ದು ಕಾಣಬಹುದು.

ಬಾಲ ಹೋದ ಮೇಲೆ ಉಳಿದದ್ದನ್ನು ಸಾಲು ಸಾಲು ಮಾಡಿ. ಪ್ರತಿ ಸಾಲಿಗೂ ಯುಟಿಎಫ್-8 ಪರೀಕ್ಷೆ. ಪಾಸಾದರೆ ಹಾಗೇ ಇಡಿ, ಫೇಲಾದರೆ ನುಡಿ ಪೆಟ್ಟಿಗೆಗೆ. ನುಡಿ ಸಾಲು ಯುಟಿಎಫ್-8ರ ಹಾಗೆ ಅಕಸ್ಮಾತ್ ಪಾಸಾಗುವುದು ತೀರಾ ಅಪರೂಪ, ಸಿ0 ಬಿಡುವುದಿಲ್ಲ.

ಹಳೇಡಿಟಿಪಿ

ಪರಿವರ್ತನೆ ಆದ ಮೇಲೆ ಅರ್ಕಾವತ್ತು ನೋಡಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದೆ ಹಾಕಬೇಕು. ಹಾಕದಿದ್ದರೆ 'ಕನಾರ್ಟಕ' ಆಗುತ್ತದೆ. ಇದನ್ನು ನೀವೆಲ್ಲ ಎಲ್ಲಾದರೂ ನೋಡಿಯೇ ಇರುತ್ತೀರಿ. ಲೆಕ್ಕದ ಕೈಪಿಡಿಯಲ್ಲಿ 'ಖರ್ಚು', 'ವರ್ಷ', 'ಅರ್ಜಿ' ಹುಡುಕಿ. 'ಖಚುರ್' ಸಿಕ್ಕಿದರೆ ಪರಿವರ್ತಕ ಬದಲಿಸಿ.

ಆಗುಂಬೆಮಳೆ

ಕಾಣದ ಅಕ್ಷರ ತೆಗೆಯುವ ಸ್ಕ್ರಿಪ್ಟ್ ಯಾರಾದರೂ ಸೂಚಿಸಿದರೆ ಹಾಕಬೇಡಿ. 'ಸಾಫ್ಟ್‌ವೇರ್' ಪದದ ನಡುವೆ ಟ್ ಆದ ಮೇಲೆ ಒಂದು ಕಾಣದ ಅಕ್ಷರ ಇದೆ, ಅದೇ ವ ಒತ್ತಾಗದಂತೆ ತಡೆಯುವುದು. ಅದನ್ನು ಕಸ ಅಂತ ಗುಡಿಸಿದರೆ 'ಸಾಫ್ಟ್ವೇರ್' ಆಗುತ್ತದೆ. ಫೈಲಿನ ತಲೆಯಲ್ಲಿರುವ ಬಿಒಎಂ (ಯುನಿಕೋಡ್ ಫೈಲು ಅಂತ ತಿಳಿಸುವ ಕಾಣದ ಗುರುತು) ಬೇಕಾದರೆ ತೆಗೆಯಿರಿ, ಇ‌ಎಫ್ ಬಿಬಿ ಬಿಎಫ್. ಮಧ್ಯದ್ದು ಮುಟ್ಟಬೇಡಿ.

ಮಂಡಿಕಂಪ್ಯೂಟರ್

ಬಿಒಎಂ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆಮೇಲೆ ಸಿಎಸ್‌ವಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಕೆಟ್ಟಿದೆ ಅಂತ ಫೋನ್ ಬರುವುದು ನನಗೆ. ಸಿಎಸ್‌ವಿಗೆ ಬಿಒಎಂ ಇರಲಿ.

ಆಗುಂಬೆಮಳೆ

ಸಿಎಸ್‌ವಿಗೆ ಒಪ್ಪಿದೆ. ಕೈಪಿಡಿಗೂ ಸ್ಕ್ರಿಪ್ಟಿಗೂ ಬೇಡ.

ಘಟ್ಟದಮೇಲೆ

ಒಂದು ಅಡ್ಡ ಪ್ರಶ್ನೆ. ಇಷ್ಟೆಲ್ಲ ಕಷ್ಟ ಯಾಕೆ? ಹಳೆಯ ನುಡಿ ಕೈಪಿಡಿಗಳನ್ನು ಪಿಡಿಎಫ್ ಮಾಡಿ ಇಟ್ಟರಾಯಿತಲ್ಲ. ಓದಲು ಬರುತ್ತದೆ, ಸಾಕು.

ಅಡಿಕೆಲೆಕ್ಕ

ಓದಲು ಬರುತ್ತದೆ, ಹುಡುಕಲು ಬರುವುದಿಲ್ಲ ಅಣ್ಣ. ನುಡಿ ಪಿಡಿಎಫ್‌ನಲ್ಲಿ 'ಮುಂಗಡ' ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ, ಕಾಪಿ ಮಾಡಿದರೆ ಮತ್ತೆ ಪೌಂಡು. ಕೌಂಟರಿನಲ್ಲಿ ರೈತರು ನಿಂತಿರುವಾಗ ಗುಮಾಸ್ತರು ಪುಟ ತಿರುವುತ್ತಾ ಕೂರಲು ಆಗುತ್ತದಾ? ಆದರೆ ಬಳಕೆಯಲ್ಲೇ ಇಲ್ಲದ ಆವೃತ್ತಿಗಳಿಗೆ ನಿಮ್ಮ ಮಾತು ಸರಿ. ಅವನ್ನು ಪಿಡಿಎಫ್ ಮಾಡಿ ಬಿಡುತ್ತೇನೆ.

ಶರಾವತಿಹಿನ್ನೀರು

ಪಿಡಿಎಫ್ ಮಾಡಿ, ಆದರೆ ಮೂಲ ಫೈಲು ಅಳಿಸಬೇಡಿ. ಗಿಟ್‌ನಲ್ಲಿ ಮೊದಲ ಕಮಿಟ್ (ಉಳಿಸಿಟ್ಟ ಹಂತ) ಕೆಟ್ಟ ಫೈಲುಗಳೇ ಆಗಲಿ, ಒಂದು ಬೈಟೂ ಬದಲಾಗದೆ. ಎರಡನೆಯ ಕಮಿಟ್ ಬರೀ ಎನ್‌ಕೋಡಿಂಗ್ ಬದಲಾವಣೆ, ಒಂದು ಕಾಗುಣಿತವನ್ನೂ ಅದರಲ್ಲಿ ತಿದ್ದಬೇಡಿ. ನಾಳೆ ಪರಿವರ್ತಕದಲ್ಲಿ ತಪ್ಪು ಕಂಡರೆ ಮೊದಲನೆಯದಕ್ಕೆ ಹೋಗಿ ಮತ್ತೆ ಮಾಡಬಹುದು. ಯುಟಿಎಫ್-16 ಫೈಲುಗಳನ್ನು ಗಿಟ್ ಬೈನರಿ ಅಂದುಕೊಂಡು ವ್ಯತ್ಯಾಸ ತೋರಿಸುವುದಿಲ್ಲ, ಅದಕ್ಕೆ ಹೆದರಬೇಡಿ.

ಅಡಿಕೆಲೆಕ್ಕ

ಹಾಗೇ ಮಾಡಿದೆ ಅಕ್ಕ. ವರ್ಡ್ ಫೈಲುಗಳನ್ನು ಫಾಂಟ್ ನೋಡಿ ತುಂಡು ತುಂಡಾಗಿ ಪರಿವರ್ತಿಸಿದೆ, ಕಮಾಂಡುಗಳು ಉಳಿದವು. ಪಟ್ಟಿಯ ಬಾಲ ಕತ್ತರಿಸಿದೆ, ಸಾಲುಗಳು ಸರಿ ಬಂದವು. ಮೊದಲ ಪರಿವರ್ತಕದಲ್ಲಿ 'ಖಚುರ್' ಸಿಕ್ಕಿತು, ಬೇರೆಯದ್ದು ಹಾಕಿದೆ.

ಒಂದು ಫೈಲು ಮಾತ್ರ ಉಳಿದಿದೆ, ತೂಕದ ಯಂತ್ರ ಜೋಡಿಸುವ ಪುಟ. ಕನ್ನಡ ಇರಬೇಕಾದ ಕಡೆಯೆಲ್ಲ ಕಪ್ಪು ವಜ್ರದೊಳಗೆ ಪ್ರಶ್ನೆ ಗುರುತು. ಬೈಟ್ ನೋಡಿದರೆ ಇ‌ಎಫ್ ಬಿಎಫ್ ಬಿಡಿ, ಅದೇ ಪುನಃ ಪುನಃ.

ತುಂಗಾತೀರ

ಅದು ಹೋಯಿತು. ಓದಲಾಗದ ಬೈಟ್ ಸಿಕ್ಕಾಗ ಎಡಿಟರ್ ತಾತ್ಕಾಲಿಕವಾಗಿ ತೋರಿಸುವ ಗುರುತು ಅದು. ಆ ಗುರುತನ್ನೇ ಯಾರೋ ಉಳಿಸಿದ್ದಾರೆ. ಎಲ್ಲ ಅಕ್ಷರಕ್ಕೂ ಒಂದೇ ಗುರುತು, ಹಿಂದೆ ತಿರುಗಿಸಲು ಒಳಗೆ ಏನೂ ಉಳಿದಿಲ್ಲ. ಹಳೆಯ ಬ್ಯಾಕಪ್, ಪೆನ್‌ಡ್ರೈವ್, ಇಮೇಲ್ ಎಲ್ಲಿಯಾದರೂ ಇದೆಯಾ ನೋಡಿ. ತೂಕದ ಯಂತ್ರದ ಹತ್ತಿರ ಗೋಡೆಗೆ ಪ್ರಿಂಟ್ ಅಂಟಿಸಿರುವ ಸಾಧ್ಯತೆಯೂ ಇದೆ.

ಅಡಿಕೆಲೆಕ್ಕ

ಗೋಡೆ ಮೇಲೆ ಇದೆ! ಲ್ಯಾಮಿನೇಷನ್ ಮಾಡಿ ಹಾಕಿದ್ದಾರೆ, ಒಂದು ಮೂಲೆಗೆ ಬೂಷ್ಟು ಹಿಡಿದಿದೆ ಅಷ್ಟೇ. ನೋಡಿಕೊಂಡು ಟೈಪ್ ಮಾಡುತ್ತೇನೆ.

ಆಗುಂಬೆಮಳೆ

ಟೈಪ್ ಮಾಡಿ ಸೇರಿಸುವ ಮೊದಲು ಗಿಟ್‌ನಲ್ಲಿ ಕಮಿಟ್‌ಗೆ ಮುಂಚೆ ಓಡುವ ಒಂದು ಸಣ್ಣ ಪರೀಕ್ಷೆ ಹಾಕಿಬಿಡಿ. ಯುಟಿಎಫ್-8 ಅಲ್ಲದಿದ್ದರೆ ಬೇಡ, ಇ‌ಎಫ್ ಬಿಎಫ್ ಬಿಡಿ ಇದ್ದರೆ ಬೇಡ, ಸಿ3 ಎ0 ಸಿ2 ಬಿ2 ಅಥವಾ ಬಿ3 ಇದ್ದರೆ ಬೇಡ. ಎಡಿಟರ್‌ಕಾನ್ಫಿಗ್ ಫೈಲಿನಲ್ಲೂ (ಹೇಗೆ ಉಳಿಸಬೇಕು ಅಂತ ಎಡಿಟರುಗಳಿಗೆ ಹೇಳುವ ಫೈಲು) ಯುಟಿಎಫ್-8 ಅಂತ ಬರೆಯಿರಿ. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲೇ ಉಳಿಸುತ್ತದೆ, ಆದರೆ ಸಂಘದ ಕಂಪ್ಯೂಟರುಗಳಲ್ಲಿ ಇನ್ನೂ ವಿಂಡೋಸ್ 7 ಇರುತ್ತದೆ ನೋಡಿ.

ಅಡಿಕೆಲೆಕ್ಕ

ಇದೆ, ಎರಡರಲ್ಲಿ ವಿಂಡೋಸ್ 7. ಪರೀಕ್ಷೆ ಇವತ್ತೇ ಹಾಕುತ್ತೇನೆ. ಸ್ಕ್ರಿಪ್ಟು ಯಾರಿಗಾದರೂ ಬೇಕಾದರೆ ಹೇಳಿ, ಇಲ್ಲೇ ಹಂಚುತ್ತೇನೆ.

ಮಂಡಿಕಂಪ್ಯೂಟರ್

ನನಗೆ ಬೇಕು. 00 ಮತ್ತು 0ಸಿ ಹಿಡಿಯುವುದನ್ನೂ ಸೇರಿಸಿ, ಆ ಮಂಡಿಯವರಿಗೂ ಹಾಕಿಕೊಡುತ್ತೇನೆ.